ಆಯುಧಪೂಜೆಯ ಮರುದಿನ ಇಳಿದಿದ್ದ ಸ್ಪೀಡು

ಕಂಪ್ಯೂಟರಿನೊಳಗೆ ಏನೇ ನಡೆದರೂ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಸಿಗದಿದ್ದರೆ ಹುಡುಕುವವನೇ ದಡ್ಡ ಎಂದು ನಂಬಿದ್ದವನು ನಾನು. ದೇವರು, ದೆವ್ವ ಅಂದವರನ್ನು ಗೋಳು ಹುಯ್ದುಕೊಳ್ಳುತ್ತಿದ್ದೆ. ಈಗ ನೀವು ನನ್ನನ್ನು ನೋಡಿ ನಕ್ಕರೆ ಬೇಡ ಅನ್ನುವ ಹಾಗಿಲ್ಲ.

ಪೀಣ್ಯದಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಚ್ಚು ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ, ಅಚ್ಚಿನ ಡ್ರಾಯಿಂಗಿಗೆಂದು ಮಾಲೀಕರು ಒಂದು ದೊಡ್ಡ ಕಂಪ್ಯೂಟರ್ ತರಿಸಿದರು. ಅದಕ್ಕೆ ನಾಲ್ಕು ಮೆಮೊರಿ ಸ್ಟಿಕ್ಕು. ನಾಲ್ಕೂ ಹಾಕಿದಾಗ ಡಬ್ಬದ ಮೇಲೆ ಬರೆದ ಸ್ಪೀಡು ತಡೆಯುವುದು ಕಷ್ಟ, ತಡೆಯದಿದ್ದರೆ ಫೈಲುಗಳು ಕೆಡುತ್ತವೆ. ಸ್ವಲ್ಪ ಇಳಿಸಿ, ಇಡೀ ದಿನ ಟೆಸ್ಟ್ ಓಡಿಸಿ ನೋಡಬೇಕು. ನಾನು ಜಂಬಕ್ಕೆ ಡಬ್ಬದ ಮೇಲಿದ್ದ ಪೂರ್ತಿ ಆರು ಸಾವಿರಕ್ಕೇ ಇಟ್ಟೆ. ಅರ್ಧ ಗಂಟೆಗೇ ಟೆಸ್ಟ್ ನಿಲ್ಲಿಸಿ, ಕಂಪ್ಯೂಟರಿನ ಕ್ಯಾಬಿನೆಟ್ ಮೇಲೆ 'ಟೆಸ್ಟ್ ಪಾಸ್' ಎಂದು ಚೀಟಿ ಅಂಟಿಸಿದೆ.

ಅದರ ಮುಂದೆ ಕೂತು ಡ್ರಾಯಿಂಗ್ ಮಾಡುತ್ತಿದ್ದವನು ಬಾಗಲಕೋಟೆ ಕಡೆಯ ಬಸವರಾಜ. ತಿಂಗಳೊಳಗೆ ಅವನ ಫೈಲುಗಳು ಕೆಡತೊಡಗಿದವು.

"ಅಣ್ಣಾರ, ಐದು ಸಾವಿರದ ಇನ್ನೂರಕ್ಕ ಇಳಿಸಿ ನೋಡ್ರಿ. ನಾಕು ಸ್ಟಿಕ್ ಅದಾವ, ತಡ್ಯಾಂಗಿಲ್ಲ," ಅಂದ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಎಲ್ಲರೆದುರು ನಕ್ಕುಬಿಟ್ಟೆ.

ಕೊನೆಗೆ ಒಂದು ಅಚ್ಚು ತಪ್ಪು ಅಳತೆಯಲ್ಲಿ ಕಟ್ ಆಗಿ ಹಾಳಾಯಿತು. ಮಾಲೀಕರು ನನ್ನನ್ನು ಕರೆದು ಕೇಳಿದರು. ಬಸವರಾಜ ನನ್ನ ಮುಖವನ್ನೇ ನೋಡುತ್ತಿದ್ದ. "ಮಷಿನ್ ಸರಿಯಾಗಿದೆ ಸಾರ್, ಟೆಸ್ಟ್ ಪಾಸ್ ಆಗಿದೆ," ಅಂದೆ. ಅವನನ್ನು ಅವತ್ತೇ ಕೆಲಸದಿಂದ ತೆಗೆದರು.

ಆ ವಾರವೇ ಆಯುಧಪೂಜೆ. ಬೆಳಿಗ್ಗೆ ಬೇಗ ಹೋಗಿ, ಗುಟ್ಟಾಗಿ ಸ್ಪೀಡು ಇಳಿಸೋಣವೆಂದು ಸೆಟ್ಟಿಂಗ್ ತೆರೆದೆ. ಆರು ಸಾವಿರ ಎಂದಿದ್ದನ್ನು ಕಣ್ಣಾರೆ ಕಂಡೆ. ಅಷ್ಟರಲ್ಲಿ ಮಾಲೀಕರು ಬಂದು, "ಆಫ್ ಮಾಡಪ್ಪ, ಮಂಗಳಾರತಿ ಆಗ್ಲಿ," ಅಂದರು. ಏನೂ ಬದಲಾಯಿಸದೆ ಆಫ್ ಮಾಡಿದೆ. ಪೂಜೆಯಾದ ಮೇಲೆ ಮರುದಿನದವರೆಗೆ ನಮ್ಮಲ್ಲಿ ಯಾರೂ ಯಾವ ಯಂತ್ರವನ್ನೂ ಮುಟ್ಟುವುದಿಲ್ಲ. ಮೇನ್ ಸ್ವಿಚ್ ಇಳಿಸಿ, ಬೀಗ ಹಾಕಿ, ಕೀಲಿಕೈಯನ್ನು ನಾನೇ ಮನೆಗೆ ತಂದೆ.

ವಿಜಯದಶಮಿಯ ಬೆಳಿಗ್ಗೆ ಬೀಗ ತೆಗೆದವನೂ ನಾನೇ. ಕ್ಯಾಬಿನೆಟ್ ಮೇಲಿನ ಸೇವಂತಿಗೆ ಇಟ್ಟಲ್ಲೇ ಇತ್ತು. ಸೆಟ್ಟಿಂಗ್ ತೆರೆದರೆ ಐದು ಸಾವಿರದ ಇನ್ನೂರು! ಪಾಸ್‌ವರ್ಡ್ ಗೊತ್ತಿದ್ದದ್ದು ನನ್ನೊಬ್ಬನಿಗೇ. ಮಷಿನ್ ತಾನಾಗಿ ಇಳಿಸಿಕೊಂಡಿದ್ದರೆ ಇನ್ನೂ ಕೆಳಕ್ಕೆ ಹೋಗಬೇಕಿತ್ತು, ನಾನು ಮಾಡಿಟ್ಟ ಉಳಿದ ಸೆಟ್ಟಿಂಗುಗಳೂ ಅಳಿಸಿಹೋಗಬೇಕಿತ್ತು. ಅವೆಲ್ಲ ಹಾಗೇ ಇದ್ದವು. ಇಡೀ ದಿನ ಟೆಸ್ಟ್ ಓಡಿಸಿದೆ, ಒಂದು ತಪ್ಪೂ ಬರಲಿಲ್ಲ.

ಅಲ್ಲಿಂದಾಚೆಗೆ ಒಂದು ಫೈಲೂ ಕೆಟ್ಟಿಲ್ಲ. "ನೋಡಿದ್ಯಾ, ಅವನು ಹೋದ್ಮೇಲೆ ಎಲ್ಲಾ ಸರಿಹೋಯ್ತು. ತಪ್ಪೆಲ್ಲಾ ಅವನದ್ದೇ ಕಣಯ್ಯ," ಅಂದರು ಮಾಲೀಕರು. ಬಾಯಿ ಬಿಡಬೇಕಾದ ಗಳಿಗೆ ಅದೇ ಆಗಿತ್ತು. ನಾನು "ಹೌದು ಸಾರ್," ಅಂದೆ.

ಸ್ಪೀಡು ಇಳಿಸಿದವರು ಯಾರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಬಸವರಾಜನ ನಂಬರ್ ನನ್ನ ಫೋನಿನಲ್ಲಿದೆ. ಹೇಳಲು ನಾಚಿಕೆಯಾಗುತ್ತದೆ, ಒಮ್ಮೆಯೂ ಕರೆ ಮಾಡಿಲ್ಲ. ಪ್ರತಿ ವರ್ಷದ ಪೂಜೆಗೂ ಆ ಕ್ಯಾಬಿನೆಟ್ಟಿಗೆ ಕುಂಕುಮ ಇಡುವವನು ನಾನೇ. ನಡುಮಧ್ಯದಲ್ಲಿ ಆ 'ಟೆಸ್ಟ್ ಪಾಸ್' ಚೀಟಿ ಇನ್ನೂ ಇದೆ. ಅದರ ಮೇಲೆ ಇಡಲು ಬೆರಳು ಏಳುವುದಿಲ್ಲ, ಪಕ್ಕದಲ್ಲಿ ಇಟ್ಟು ಬರುತ್ತೇನೆ.