ಕುಂತಿರು ಅಂದವನು ನಾನೇ

ಕೊರೊನಾ ಮುಗಿದ ಮರುವರ್ಷ ನಾನು ತಮಿಳುನಾಡಿನ ತೇನಿ ಜಿಲ್ಲೆಯ ಚಿನ್ನಮನೂರಿನಲ್ಲಿ, ಸಣ್ಣದೊಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಮಾರ್ಕಯನ್‌ಕೋಟ್ಟೈಯಿಂದ ಐವತ್ತೆಂಟು ವರ್ಷದ ನಂಜಮ್ಮ ಮಂಡಿನೋವೆಂದು ಬಂದರು. ವೀಳ್ಯದೆಲೆ ತೋಟದಲ್ಲಿ ದಿನವಿಡೀ ಎಲೆ ಕೊಯ್ಯುವ ಗಟ್ಟಿ ಹೆಂಗಸು. ಮಗ ಮುತ್ತಯ್ಯನ ಜೊತೆ ಆಕೆ ಆಡಿದ್ದು ನಮ್ಮ ಮನೆಯ ಕನ್ನಡವೇ ಎಂದು ತಿಳಿದದ್ದೇ ತಡ, ನನಗೆ ಎಲ್ಲಿಲ್ಲದ ಹಿಗ್ಗು. ಎರಡು ವಾರ ರೆಸ್ಟ್, ಆಮೇಲೆ ವ್ಯಾಯಾಮಕ್ಕೆ ಬರಬೇಕೆಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಗೀಚಿದೆ. ಬಾಯಲ್ಲಿ ಹೇಳಿದ್ದು ಇಷ್ಟೇ: “ಸುಮ್ಕೆ ಕುಂತಿರಕ್ಕಾ. ತೋಟದ ವೇಲೆ, ಮನೆ ವೇಲೆ ಎಲ್ಲ ಮಕ್ಳು ನೋಡ್ಕಂತಾರೆ.”

ನಮ್ಮವರಲ್ಲಿ ಹೆತ್ತವಳನ್ನು ಕೂರಿಸಿ ಅನ್ನ ಹಾಕುವುದೆಂದರೆ ಮಕ್ಕಳಿಗೆ ದೊಡ್ಡ ಮರ್ಯಾದೆ. ಅಂಥದೇ ಮನೆಯಲ್ಲಿ ಹುಟ್ಟಿದ ನನಗೆ, ನನ್ನ ಮಾತನ್ನು ಅವರು ಹಾಗೇ ಹಿಡಿಯುತ್ತಾರೆಂದು ಹೊಳೆಯಬೇಕಿತ್ತು.

ಹತ್ತು ತಿಂಗಳ ಮೇಲೆ ಆಕೆಯನ್ನು ಮತ್ತೆ ನೋಡಿದೆ. ಹೊಸಿಲು ಎಡವಿ ಬಿದ್ದು ಸೊಂಟದ ಕೀಲಿನ ಮೂಳೆ ಮುರಿದಿತ್ತು. ತೇನಿಯಲ್ಲಿ ಆಪರೇಷನ್ ಮುಗಿಸಿ, ಮತ್ತೆ ನಡೆಯುವಂತೆ ಮಾಡಿ ಎಂದು ನನ್ನ ಬಳಿ ಕಳಿಸಿದ್ದರು. ಮೂಳೆ ಕೂಡಿತ್ತು, ತೊಡೆ ಮಾತ್ರ ಬಾಡಿದ ಬಾಳೆದಿಂಡಿನಂತೆ ಜೋತುಬಿದ್ದಿತ್ತು. ಬಳಸದ ಸ್ನಾಯು ಕರಗುತ್ತದೆ, ಭಾರ ಹೊರದ ಮೂಳೆ ಸವೆಯುತ್ತದೆ. ರಕ್ತದ ಸಕ್ಕರೆಯನ್ನು ಹೆಚ್ಚು ಉರಿಸುವುದೂ ಸ್ನಾಯುವೇ. ಆಕೆಗೆ ಈಗ ಶುಗರ್ ಬಂದಿತ್ತು, ನಾಲ್ಕು ಮಾತಿಗೆ ಏದುಸಿರು.

“ಒಂದು ಚೆಂಬು ನೀರೂ ಎತ್ತಕ ಬಿಟ್ಟಿಲ್ಲ ಸಾರ್. ಅವ್ವನ್ನ ಕುಂದ್ರಿಸಿ ಸೋರು ಹಾಕ್ತಿದೀವಿ,” ಎಂದ ಮುತ್ತಯ್ಯ. ಹೆಮ್ಮೆಯಿಂದಲೇ ಹೇಳಿದ. ನನಗೆ ಮೈ ಉರಿಯಿತು. “ವ್ಯಾಯಾಮಕ್ಕೆ ಯಾಕೆ ಕರ್ಕಂಡು ಬರ್ಲಿಲ್ಲ?” ಎಂದು ರೇಗಿದೆ.

ಅವನು ಜೇಬಿನಿಂದ ಚೀಟಿ ತೆಗೆದ. ಮಡಿಕೆ ಹರಿಯದಂತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದ. “ಇದ್ರಾಗೆ ರೆಸ್ಟ್ ಅನ್ನೋದು ಒಂದೇ ನಮಗೆ ಓದಕ ಬಂದಿದ್ದು ಸಾರ್.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂರು ತಿಂಗಳು ದಿನಾ ಆಕೆಯ ಕಂಕುಳಿಗೆ ಕೈಕೊಟ್ಟು ಎತ್ತಿದೆ. ವಾಕರ್ ಹಿಡಿದು ನಾಲ್ಕು ಹೆಜ್ಜೆ, ಅಷ್ಟೇ. ಕೊನೆಯ ದಿನ ಕುರ್ಚಿಯಲ್ಲಿ ಕೂತು ನನ್ನ ಮುಖ ನೋಡಿ ಕೇಳಿದರು: “ನಮ್ಮೋನು ಅಂತ ನಿನ್ ಮಾತು ಕೇಳ್ದೆ ತಂಬಿ. ಕುಂತಿರು ಅಂದೆ, ಕುಂತೆ. ಏಳು ಅಂತ ಯಾಕೆ ಹೇಳ್ಲಿಲ್ಲ?”

ಉತ್ತರ ಚೀಟಿಯಲ್ಲಿತ್ತು, ಇಂಗ್ಲಿಷಿನಲ್ಲಿ.

ಅಂದಿನಿಂದ ಯಾರಿಗೆ ರೆಸ್ಟ್ ಹೇಳಿದರೂ ಏಳಬೇಕಾದ ದಿನವನ್ನು ಮೊದಲು ಅವರ ಮಾತಿನಲ್ಲೇ ಹೇಳುತ್ತೇನೆ, ಅವರ ಬಾಯಿಂದ ತಿರುಗಿ ಹೇಳಿಸುತ್ತೇನೆ. ವೃತ್ತಿ ಕಲಿಸಿದ ಪಾಠ ಇದು. ಕಲಿತವನು ನಾನು, ಕಾಲು ಕಳೆದುಕೊಂಡವರು ನಂಜಮ್ಮ.