ಒದ್ದೆ ಸೊಪ್ಪು

ಕಾರ್ತಿಕದಲ್ಲಿ ಅಂಥ ಮಳೆ ನಮ್ಮ ಕಡೆ ಬರುವುದಿಲ್ಲ. ಆ ವರ್ಷ ಬಂತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ಟಿ.ವಿ.ಯಲ್ಲಿ ಹೇಳಿದ ಮರುದಿನದಿಂದ ಬಿಡದೆ ಸುರಿಯಿತು. ಗಾಳಿಗೆ ದಿಬ್ಬೂರಹಳ್ಳಿ ರಸ್ತೆಯ ಕರೆಂಟು ಕಂಬಗಳು ಸಾಲಾಗಿ ಮಲಗಿದವು. ಶಿಡ್ಲಘಟ್ಟದ ಬಸ್ಸು ನಿಂತಿತು. ಅಪ್ಪನ ಫೋನಿಗೆ ಯಾರೋ ನಂದಿ ಬೆಟ್ಟದಲ್ಲಿ ಹಿಮ ಬಿದ್ದಿದೆ ಎಂಬ ವಿಡಿಯೊ ಕಳಿಸಿದರು. ಅದರಲ್ಲಿ ಇದ್ದದ್ದು ದೇವದಾರು ಮರಗಳು. ಅಪ್ಪ ಅದನ್ನು ಜಗಲಿಗೆ ಬಂದವರಿಗೆಲ್ಲ ತೋರಿಸಿದರು.

ನಮ್ಮ ಹುಳು ಮನೆಯಲ್ಲಿ ರೇಷ್ಮೆ ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ಹೀಗೆ ಕೊನೆಯ ಬಾರಿ ಪೊರೆ ಬಿಟ್ಟ ಹುಳು ಒಂದು ವಾರ ಸೊಪ್ಪು ತಿನ್ನುವ ಕೆಲಸವೊಂದನ್ನೇ ಮಾಡುತ್ತದೆ. ಆಮೇಲೆ ಗೂಡು ಕಟ್ಟುತ್ತದೆ. ಆ ವಾರ ಒದ್ದೆ ಸೊಪ್ಪು ಹಾಕಿದರೆ ಸಪ್ಪೆ ರೋಗ ಬಂದು ಮೈ ಮೆತ್ತಗಾಗಿ ಸಾಯುತ್ತದೆ. ಇದು ನಮ್ಮೂರಿನ ಮಕ್ಕಳಿಗೂ ಗೊತ್ತು. ಹಾಗೆಂದು ಹುಳುವನ್ನು ಉಪವಾಸ ಕೆಡವುವಂತೆಯೂ ಇಲ್ಲ.

ನಾನು ಓದು ಮುಗಿಸಿ ಮನೆಯಲ್ಲಿದ್ದೆ. ಅಮ್ಮ, ನಾನು, ಕೂಲಿಗೆ ಬರುವ ಇಬ್ಬರು ಹೆಂಗಸರು ಕೂತು ಹಿಪ್ಪುನೇರಳೆ ಕಡ್ಡಿಗಳನ್ನು ಒದರಿ, ಹಳೆಯ ಸೀರೆಯಲ್ಲಿ ಎಲೆ ಎಲೆಯನ್ನೂ ಒರೆಸಿ, ಹಗ್ಗಕ್ಕೆ ತೂಗುಹಾಕಿ ಫ್ಯಾನಿನ ಗಾಳಿಗೆ ಒಣಗಿಸುತ್ತಿದ್ದೆವು. ಫ್ಯಾನುಗಳು ಜನರೇಟರಿನಿಂದ ತಿರುಗುತ್ತಿದ್ದವು. ಬೆರಳ ತುದಿಗಳು ಬಿಳಿಚಿ ಸುಕ್ಕಾಗಿದ್ದವು. ಆದರೂ ಹೊತ್ತು ಹೊತ್ತಿಗೆ ಹುಳುಗಳಿಗೆ ಒಣ ಸೊಪ್ಪು ಸಿಗುತ್ತಿತ್ತು.

ಮೂರನೇ ದಿನ ಕೆರೆ ಕೋಡಿ ಬಿತ್ತು. ನಾನು ಹುಟ್ಟಿದ ಮೇಲೆ ಅದು ತುಂಬಿದ್ದನ್ನು ಕಂಡಿರಲಿಲ್ಲ. ಊರಿಗೆ ಊರೇ ಏರಿಯ ಮೇಲೆ ನೆರೆಯಿತು. ಹರಿದ ನೀರು ಕೆಳಗಿನ ರಾಗಿ ಹೊಲಗಳನ್ನು ಹೊಕ್ಕಿತ್ತು. ಕೊಯ್ಲಿಗೆ ಬಂದ ತೆನೆಗಳು ನಿಂತಲ್ಲೇ ಮೊಳಕೆ ಒಡೆಯುತ್ತಿದ್ದವು. ಜನ ಅದಕ್ಕೆ ಬೆನ್ನು ಹಾಕಿ ನಿಂತು ಸೆಲ್ಫಿ ತೆಗೆದುಕೊಂಡರು.

ಶುಕ್ರವಾರ ಕೆರೆಗೆ ಬಾಗಿನ ಎಂದು ತೀರ್ಮಾನವಾಯಿತು. ಮುಖಂಡರೊಬ್ಬರು ಬರುವವರಿದ್ದರು. ಅಪ್ಪ ಸಮಿತಿಯಲ್ಲಿದ್ದರು. ಅಂದು ಬೆಳಿಗ್ಗೆ ಹುಳು ಮನೆಯ ಬಾಗಿಲಲ್ಲಿ ನಿಂತು, ಒಳಗೆ ಬಾರದೆ, ಹೇಳಿದರು:

"ಜನರೇಟರ್ ಬೇಕಾಗಿತ್ತಲ್ಲ. ಮೈಕ್ ಸೆಟ್ಟಿಗೆ."

ಅಮ್ಮ ಕೈಯಲ್ಲಿದ್ದ ಕಡ್ಡಿ ಕೆಳಗಿಡಲಿಲ್ಲ. "ಫ್ಯಾನಿನ ಬದ್ಲು ನಿಮ್ಮ ಮುಖಂಡ ಬಂದು ಊದ್ತಾನಾ?"

"ಎರಡೇ ಗಂಟೆ ಕಣೇ. ಎಷ್ಟೋ ವರ್ಷಕ್ಕೆ ಗಂಗಮ್ಮ ಮನೆಗ್ ಬಂದವ್ಳೆ. ಸುಮ್ನೆ ಕಳ್ಸಕ್ಕಾಗ್ತದಾ?"

"ಗಂಗಮ್ಮಂಗೆ ಕಿವಿ ಕೇಳ್ಸಲ್ವಾ, ಮೈಕಲ್ಲಿ ಕೂಗಕ್ಕೆ?"

ಕೂಲಿಯ ಹೆಂಗಸರು ಸೆರಗು ಬಾಯಿಗೆ ಇಟ್ಟು ನಕ್ಕರು. ಅಪ್ಪ ನಗಲಿಲ್ಲ. ತಾವೇ ವೈರು ಕಿತ್ತು, ಜನರೇಟರನ್ನು ಟ್ರ್ಯಾಕ್ಟರಿಗೆ ಹತ್ತಿಸಿಕೊಂಡು ಹೋದರು. ಮನೆಗೊಬ್ಬ ಮುತ್ತೈದೆ ಬಾಗಿನಕ್ಕೆ ಬರಲೇಬೇಕೆಂದು ಸಾರಿದ್ದರಿಂದ ಆ ಹೆಂಗಸರೂ ಎದ್ದು ಹೊರಟರು. ಅಮ್ಮ ಹೋಗಲಿಲ್ಲ.

ಮಧ್ಯಾಹ್ನವಾದರೂ ಜನರೇಟರ್ ಬರಲಿಲ್ಲ. ನಾವಿಬ್ಬರೇ ಒರೆಸಿದ ಸೊಪ್ಪು ಎರಡು ತಟ್ಟೆ ಹುಳುಗಳಿಗೂ ಸಾಲಲಿಲ್ಲ. ರಾಶಿ ಬಿದ್ದದ್ದು ಒಳಗೊಳಗೇ ಬಿಸಿಯಾಗುತ್ತಿತ್ತು. ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಅವು ತಿನ್ನುವಾಗ ಮನೆಯೆಲ್ಲ ಸರಸರ ಸದ್ದಿರುತ್ತದೆ. ಅದು ನಿಂತಿತ್ತು.

"ನೀನೇ ಹೋಗಿ ತಗೊಂಡ್ ಬಾರಮ್ಮ," ಅಮ್ಮ ಹೇಳಿದಳು. "ನಾನ್ ಹೋದ್ರೆ ಜಗಳ ಆಗ್ತದೆ."

ಕೆರೆ ಏರಿಯ ಮೇಲೆ ಗಾಳಿಗೆ ಕೊಡೆ ಮಗುಚಿತು. ಹೇಳಬೇಕಾದ ಒಂದು ವಾಕ್ಯವನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಶಾಮಿಯಾನದ ಹಿಂದೆ ನಮ್ಮ ಜನರೇಟರ್ ಗುರುಗುಡುತ್ತಿತ್ತು. ಅದರಿಂದ ಮೈಕಿಗೊಂದು ವೈರು, ಹಾಡುಹಗಲಲ್ಲಿ ಉರಿಯುತ್ತಿದ್ದ ಬಣ್ಣದ ಸೀರಿಯಲ್ ದೀಪಗಳಿಗೊಂದು ವೈರು.

"ಬಂದ್ಯಾ? ಒಳ್ಳೇದಾಯ್ತು," ಎಂದರು ಅಪ್ಪ. "ಈ ತಟ್ಟೆ ಹಿಡ್ಕೊ. ಓದಿರೋ ಹುಡುಗಿ ಮುಂದೆ ನಿಂತ್ರೆ ಚೆನ್ನಾಗಿರ್ತದೆ."

"ಅಪ್ಪ, ಹುಳ..."

"ಶ್. ಕಾರ್ ಬಂತು."

ಹಾರಗಳಿದ್ದ ತಟ್ಟೆ ಕೈಗೆ ಬಂತು. ನಾನು ಹಿಡಿದುಕೊಂಡೆ. ಒಂದು ಗಂಟೆಗೂ ಹೆಚ್ಚು ಹೊತ್ತು ಹಿಡಿದುಕೊಂಡೇ ನಿಂತೆ. ನಾಲ್ಕು ಜನರ ಮುಂದೆ ನಾನು ಧ್ವನಿ ಎತ್ತುವವಳಲ್ಲ. ಅದನ್ನು ಚಿಕ್ಕಂದಿನಿಂದ ಎಲ್ಲರೂ ಒಳ್ಳೆಯ ಗುಣವೆಂದೇ ಹೊಗಳಿದ್ದಾರೆ. ಆ ಹೊತ್ತಿನಲ್ಲಿ ಅದು ಹೇಡಿತನ, ಬೇರೇನೂ ಅಲ್ಲ. ಜನರೇಟರಿನ ಸ್ವಿಚ್ಚು ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ಮುಖಂಡರು ರೈತರ ಕಷ್ಟ ತಮಗೆ ಚೆನ್ನಾಗಿ ಗೊತ್ತು ಎಂದು ಮೈಕಿನಲ್ಲಿ ಹೇಳುತ್ತಿದ್ದರು. ಮೊರ ಹಿಡಿದು ನೆನೆಯುತ್ತ ನಿಂತಿದ್ದ ಅಜ್ಜಿಯೊಬ್ಬಳು, "ಈವಯ್ಯನ ಮಾತು ಮುಗ್ಯೋದ್ರಲ್ಲಿ ಕೆರೆ ಬತ್ತೋಗ್ತದೆ ಕಣಮ್ಮ," ಎಂದು ನನ್ನ ಕಿವಿಯಲ್ಲಿ ಗೊಣಗಿದಳು. ನನಗೆ ನಗು ಬಂತು. ನಕ್ಕೆ. ಆ ನಗುವನ್ನು ನಾನು ಇನ್ನೂ ಕ್ಷಮಿಸಿಕೊಂಡಿಲ್ಲ.

ಮನೆಗೆ ಬಂದಾಗ ಅಮ್ಮ ಒದ್ದೆ ಸೊಪ್ಪು ಹಾಕಿ ಮುಗಿಸಿದ್ದಳು. ಹುಳುಗಳು ಆತುರಾತುರವಾಗಿ ತಿನ್ನುತ್ತಿದ್ದವು.

"ಹಸಿವು ತಡೀಲಿಲ್ಲ ಅವು," ಎಂದಳು. ನನ್ನ ಖಾಲಿ ಕೈ ನೋಡಿದಳು.

ಭಾನುವಾರದ ಹೊತ್ತಿಗೆ ಹುಳುಗಳು ಮೆತ್ತಗಾದವು. ಮುಟ್ಟಿದರೆ ಒಡೆದು ಕಂದು ನೀರು ಸುರಿಯುತ್ತಿತ್ತು. ತೋಟದ ಮೂಲೆಯಲ್ಲಿ ತೋಡಿದ ಗುಂಡಿಯಲ್ಲಿ ಅರ್ಧದಷ್ಟು ಮಳೆ ನೀರೇ ತುಂಬಿತ್ತು. ಅಮ್ಮ ಮತ್ತು ನಾನು ಎರಡು ದಿನ ಸತ್ತ ಹುಳುಗಳನ್ನು ಮಂಕರಿಗಟ್ಟಲೆ ಹೊತ್ತು ಅದರೊಳಗೆ ಸುರಿದೆವು, ಮೇಲೆ ಸುಣ್ಣ ಚೆಲ್ಲಿದೆವು. ನಾರುವ ಕೈಯನ್ನು ಎಷ್ಟು ತೊಳೆದರೂ ಊಟ ಸೇರಲಿಲ್ಲ. ನೋಡಲು ಬಂದವರು, "ಹಾಳಾದ್ ಮಳೆ ಎಂಥ ಕೆಲ್ಸ ಮಾಡ್ಬಿಡ್ತು ನೋಡಿ," ಎಂದರು. ಅಪ್ಪ ಹೌದೆಂದು ತಲೆದೂಗಿದರು. ಪ್ರತಿಯೊಬ್ಬರಿಗೂ ತಲೆದೂಗಿದರು.

ಮಳೆ ನಿಂತ ಮೇಲೆ ಬೆಳೆ ಹಾನಿಯ ಅರ್ಜಿ ಬಂತು. ತುಂಬಿಸಲು ನನ್ನನ್ನೇ ಕೂರಿಸಿದರು. ಹೆಸರು, ಸರ್ವೆ ನಂಬರು ಬರೆದೆ. 'ಹಾನಿಗೆ ಕಾರಣ' ಎಂಬಲ್ಲಿ ಪೆನ್ನು ನಿಂತಿತು. ಅಪ್ಪನ ಮುಖ ನೋಡಿದೆ. ಅವರು ಅರ್ಜಿಯನ್ನೇ ನೋಡುತ್ತಿದ್ದರು.

"ಮಳೆ ಅಂತ್ಲೇ ಬರಿಯಮ್ಮ," ಬಾಗಿಲಲ್ಲಿ ನಿಂತಿದ್ದ ಅಮ್ಮ ಹೇಳಿದಳು. "ಅದೇನ್ ಬಂದು ಅಲ್ಲ ಅನ್ನಲ್ಲ."

'ಅತಿವೃಷ್ಟಿ' ಎಂದು ಬರೆದೆ.

ಅಕ್ಷರ ದುಂಡಗಿದೆ ಎಂದು ಅಪ್ಪ ಮೆಚ್ಚಿದರು.