ಮೇಷ್ಟ್ರಿಗಿಂತ ಮುಂಚೆ ಬಂದ ಕೆಮ್ಮು

ಕೆಮ್ಮಿದ್ದು ನಾನೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಏಕೆಂದರೆ ನಮ್ಮ ಭಜನೆ ತಂಡದಲ್ಲಿ ಕೆಲವರು ಇನ್ನೂ ಡೋಲಕ್ಕಿನವನನ್ನೇ ಬೈಯುತ್ತಿದ್ದಾರೆ.

ತಾಳ ಹಾಕುವುದಕ್ಕಿಂತ ಜನರ ದನಿ ಕದಿಯುವುದು ನನಗೆ ಚೆನ್ನಾಗಿ ಬರುತ್ತದೆ. ರಾಬರ್ಟ್‌ಸನ್‌ಪೇಟೆ ಬಸ್ಸಿನ ಕಂಡಕ್ಟರ್, ಕನ್ನಡದಲ್ಲಿ ಶುರುಮಾಡಿ ತಮಿಳಿನಲ್ಲಿ ಬೈದು ತೆಲುಗಿನಲ್ಲಿ ಅಳುವ ನಮ್ಮತ್ತೆ, ಹುಡುಗಿಯರೆದುರು ತೊದಲುವ ನಾನು, ಎಲ್ಲರನ್ನೂ ಮಾಡಿ ತೋರಿಸುತ್ತಿದ್ದೆ. ಹಾರ್ಮೋನಿಯಂ ಮೇಷ್ಟ್ರಂತೂ ಬಲು ಸುಲಭ. ಚಿನ್ನದ ಗಣಿಯ ಧೂಳು ಕುಡಿದ ಎದೆ ಅವರದು. ಎರಡು ಒಣ ಕೆಮ್ಮು, ಕೊನೆಗೊಂದು ಸಣ್ಣ ಸೀಟಿ.

ಆ ಕೆಮ್ಮೇ ನಮಗೆ ಸನ್ನೆ. ತಾವೇ ಕಟ್ಟಿದ ಒಂದು ಹಾಡಿನ ಕೊನೆಯ ಚರಣದಲ್ಲಿ ಮೇಷ್ಟ್ರು ನಡೆಯನ್ನು ಬಿರುಸುಗೊಳಿಸಿ, ತುದಿಗೆ ತಂದು, ಎಲ್ಲವನ್ನೂ ನಿಲ್ಲಿಸಿಬಿಡುತ್ತಿದ್ದರು. ತಾಳವಿಲ್ಲ, ಶ್ರುತಿಯೂ ಇಲ್ಲ. ಅವರು ಕೆಮ್ಮಿದ ಮೇಲೆ ಪಲ್ಲವಿ, ನಿಧಾನವಾಗಿ. ಅಭ್ಯಾಸದಲ್ಲಿ ಆ ಮೌನವನ್ನು ಕದ್ದು ಮೊಬೈಲಿನಲ್ಲಿ ಅಳೆದೆ. ಅರ್ಧ ನಿಮಿಷವಾದರೂ ಇದ್ದೀತು ಅಂದುಕೊಂಡಿದ್ದೆ. ಇದ್ದದ್ದು ಹನ್ನೊಂದು ಸೆಕೆಂಡು.

"ಎಷ್ಟು ಮಾತ್ರೆ ಅಂತ ಯೋಳ್ಬಿಡಿ ಮೇಷ್ಟ್ರೇ, ಎಣಿಸ್ಕೊಂತೀವಿ," ಅಂದೆ.

"ಎಣಿಸಿದ್ರೆ ಯಾವಾಗ ಮುಗೀತದೆ ಅಂತ ಗೊತ್ತಾಗೋಯ್ತದೆ ಕಣ್ಲಾ. ಗೊತ್ತಾದ್ಮೇಲೆ ಅದು ಕಾಯೋದಲ್ಲ, ಸುಮ್ನೆ ಕೂತಿರೋದು."

ಹಾಗೆ ನಿಜಕ್ಕೂ ಕಾದವರು ಮೇಷ್ಟ್ರ ತಂಗಿ. ಚಾಂಪಿಯನ್ ರೀಫ್ಸ್‌ನ ಗಣಿಯೊಳಗೆ ಬಂಡೆ ಸಿಡಿದು ಗಂಡ ಸಿಕ್ಕಿಕೊಂಡ ದಿನ ಆಕೆ ಗಣಿಗಿಳಿಯುವ ಶಾಫ್ಟಿನ ಬಾಯಲ್ಲಿ ನಿಂತಿದ್ದರಂತೆ. ಆಳುಗಳನ್ನು ಹೊತ್ತ ಕೇಜು ಮೇಲೆ ಬಂದಾಗಲೆಲ್ಲ ಇಳಿಯುತ್ತಿದ್ದವರು ಬೇರೆಯವರ ಗಂಡಂದಿರು. ಮೇಷ್ಟ್ರು ಹಾಡು ಕಟ್ಟಿದ್ದು ಆ ಕಾಯುವಿಕೆಯ ಮೇಲೆ. ಇಷ್ಟು ವರ್ಷ ಆಕೆ ಅದನ್ನು ಕೇಳಲು ಒಪ್ಪಿರಲಿಲ್ಲ. ಗಂಡನ ಈ ಸಲದ ತಿಥಿಗೆ ಒಪ್ಪಿದರು. ಅಣ್ಣನ ಎದೆ ಇನ್ನೊಂದು ವರ್ಷ ಹಾಡುವಂತಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮಧ್ಯಾಹ್ನ. ಆಕೆಯ ಶೀಟಿನ ಮನೆ, ಹತ್ತು ಜನಕ್ಕೆ ಇಪ್ಪತ್ತು ಮೊಣಕಾಲು. ಕೊನೆಯ ಚರಣ ಓಡಿ ಬಂದು ನಿಂತಿತು. ಅಷ್ಟುಹೊತ್ತು ನೆಲ ನೋಡುತ್ತಿದ್ದ ಆಕೆ ತಲೆಯೆತ್ತಿ ಬಾಗಿಲ ಕಡೆ ನೋಡತೊಡಗಿದರು. ಅಲ್ಲಿ ಯಾರೂ ಇರಲಿಲ್ಲ. ನನಗೆ ಆ ನೋಟವನ್ನು ತಡೆದುಕೊಳ್ಳಲಾಗಲಿಲ್ಲ. ತಡೆಯಲಾಗದ್ದನ್ನೆಲ್ಲ ತಮಾಷೆ ಮಾಡುವುದು ನನ್ನ ಚಾಳಿ. ಕೆಮ್ಮಿದೆ. ಎರಡು ಒಣದು, ಒಂದು ಸೀಟಿ.

ಎಷ್ಟು ಚೆನ್ನಾಗಿ ಕೆಮ್ಮಿದೆನೆಂದರೆ ಡೋಲಕ್ ತಟ್ಟನೆ ಎದ್ದಿತು, ತಂಡ ಪಲ್ಲವಿ ಹಿಡಿಯಿತು, ಮೇಷ್ಟ್ರ ಬೆರಳುಗಳೂ ತಾವಾಗಿ ಹಾರ್ಮೋನಿಯಂ ಮನೆಗಳ ಮೇಲೆ ಬಿದ್ದವು. ಆಮೇಲಷ್ಟೇ ಅವರು ನನ್ನತ್ತ ತಿರುಗಿದ್ದು. ಹಾಡು ನಿಲ್ಲಿಸಲಿಲ್ಲ. ಮುಗಿಸಿ, ತಿದಿ ಮಡಚಿ, "ಊಟಕ್ಕೇಳಿ," ಅಂದರು. ಅವತ್ತಿನಿಂದ ಅವರು ಆ ಪೆಟ್ಟಿಗೆ ತೆರೆದಿಲ್ಲ.

ಪಂಕ್ತಿಯಲ್ಲಿ ಆಕೆ ವಡೆ ಬಡಿಸುತ್ತ ನನ್ನ ಎಲೆಯ ಮುಂದೆ ಬಂದರು. ಯಾರಾದರೂ ಹೇಳುವ ಮೊದಲು ನಾನೇ ಹೇಳೋಣವೆಂದು ಬಾಯಿಬಿಟ್ಟೆ.

"ಕೆಮ್ಮಿದ್ದು ನಾನಮ್ಮಾ, ತಪ್ಪಾಯ್ತು. ಐದಾರು ಸೆಕೆಂಡು ಮುಂಚೆ ಅಷ್ಟೇ."

ಆಕೆ ವಡೆಯನ್ನು ಎಲೆಗೆ ಹಾಕಿದರು.

"ನಾನಲ್ಲಿ ನಿಂತಿದ್ದಾಗ ಬೇಗ ಮುಗೀಲಿ ಅಂತ ಯಾರೂ ಕೆಮ್ಮಲಿಲ್ಲ ಕಣ್ಲಾ."